ಒಂದು ಗೇಣು ಕೆಳಗೆ

ಆ ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳಕ್ಕೆ ಸಹಿ ಹಾಕುವ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಆಕೆ ಸೀಟಿ ಮೇಡಂ. ಸೀಟಿಯನ್ನು ಕೊರಳಿಗೆ ನೇತುಹಾಕಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಈಕೆ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಹೆಡ್ಮಾಸ್ಟರ ಹತ್ತಿರ ಮಾತಾಡುವಾಗಲೂ ಅದು ತುಟಿಯ ಮೂಲೆಯಲ್ಲೇ ಇರುತ್ತಿತ್ತು. ಎಲ್ಲಿ ಊದಿಬಿಡುತ್ತಾಳೋ ಎಂದು ಪಾಪ, ಅವರೇ ಮಾತು ಬೇಗ ಮುಗಿಸುತ್ತಿದ್ದರು.

ಆಕೆಯ ಸೀಟಿಗೆ ಒಂದು ಮರ್ಯಾದೆ ಇತ್ತು. ತನ್ನದೇ ತಂಡದ ಹುಡುಗಿ ಗೆರೆ ತುಳಿದರೂ ಮೊದಲು ಊದುವವಳು ಆಕೆಯೇ. "ಸೀಟಿ ಸುಳ್ಳು ಹೇಳಲ್ಲ ಕಣ್ರೇ" ಎಂದು ಹುಡುಗಿಯರಿಗೆ ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಆಕೆಗೆ ತಿಂದದ್ದು ಅರಗುತ್ತಿರಲಿಲ್ಲ. ಹುಡುಗಿಯರು ನಗುತ್ತಿದ್ದರು, ಆದರೆ ನಂಬಿದ್ದರು. ಆಕೆ ನಿಲ್ಲು ಅಂದರೆ ನಿಂತರು, ಹಾರು ಅಂದರೆ ಹಾರಿದರು. ಹಾಗೆ ಕಣ್ಣುಮುಚ್ಚಿ ನಂಬುವವರು ಸುತ್ತ ಇದ್ದಾರೆ ಎಂದರೆ ಮನುಷ್ಯ ಹೆದರಬೇಕು. ಆಕೆಗೆ ಆಗಿನ್ನೂ ಅದು ತಿಳಿದಿರಲಿಲ್ಲ.

ಆಕೆಗೆ ಬೇರೆಯದೇ ಒಂದು ಹೆದರಿಕೆ ಇತ್ತು, ಅದು ಎಡಗಣ್ಣಿನಲ್ಲಿತ್ತು. ಆಕೆ ಹುಡುಗಿಯಾಗಿದ್ದಾಗ ಶಾಲೆಗಳ ವಾಲಿಬಾಲಿಗೆ ವಿಭಾಗ ಗಿಭಾಗ ಏನೂ ಇರಲಿಲ್ಲ. ಎಲ್ಲ ಶಾಲೆಗಳ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತುತ್ತಿದ್ದರು. ಬೆರಳೆಣಿಕೆಯ ಮಕ್ಕಳಿದ್ದ ಆಕೆಯ ಶಾಲೆಗೆ ಎದುರಾದದ್ದು, ಸಾವಿರ ಹುಡುಗಿಯರಲ್ಲಿ ಆರಿಸಿ ತೆಗೆದ ದೈತ್ಯರ ತಂಡ. ಬಾಲ್ ಬರುವುದು ಕಂಡಿತ್ತು. ಕೈ ಏಳುವುದರೊಳಗೆ ಬಂದಾಗಿತ್ತು. ಅಂದಿನಿಂದ ಎಡಗಣ್ಣಿಗೆ ಲೋಕವೆಲ್ಲ ಸೋಪಿನ ನೀರು ಬಿದ್ದ ಗಾಜಿನ ಹಿಂದೆ ಇದ್ದಂತೆ. ವರ್ಷಗಳಾದ ಮೇಲೆ ಆಟದ ಸಂಘದವರು ದೊಡ್ಡ ಶಾಲೆಗಳಿಗೊಂದು, ಚಿಕ್ಕ ಶಾಲೆಗಳಿಗೊಂದು ವಿಭಾಗ ಮಾಡಿದಾಗ, ತನ್ನ ಹುಡುಗಿಯರ ಸುತ್ತ ಯಾರೋ ಗೋಡೆ ಕಟ್ಟಿಕೊಟ್ಟ ಹಾಗೆ ಆಕೆಗೆ ನೆಮ್ಮದಿಯಾಗಿತ್ತು.

ಆ ಗೋಡೆಯೊಳಗೆ ಆಕೆಯ ತಂಡ ಎರಡು ವರ್ಷ ಸತತವಾಗಿ ಗೆದ್ದಿತು. ಗೆದ್ದದ್ದು ಇಬ್ಬರಿಂದ. ಒಬ್ಬಳು ಗುಬ್ಬಿ, ಆಕೆಯ ತಂಗಿಯ ಮಗಳು. ತಂಗಿಗೆ ದೂರದೂರಿನಲ್ಲಿ ಕೆಲಸ, ಹಾಗಾಗಿ ಮಗು ಅಕ್ಕನ ಮನೆಯಲ್ಲೇ ಬೆಳೆಯಿತು. ಮನೆಯಲ್ಲಿ ದೊಡ್ಡಮ್ಮ, ಮೈದಾನದಲ್ಲಿ ಮೇಡಂ ಅನ್ನಬೇಕು ಎಂದು ಕಟ್ಟಪ್ಪಣೆ. ಗುಬ್ಬಿ ಗಡಿಬಿಡಿಯಲ್ಲಿ ಮೈದಾನದಲ್ಲಿ "ದೊಡ್ಡಮ್ಮಾ, ಬಾಲ್!" ಎಂದು ಕೂಗಿ, ಮನೆಯಲ್ಲಿ "ಮೇಡಂ, ಉಪ್ಪು ಕಮ್ಮಿ" ಅನ್ನುತ್ತಿದ್ದಳು. ತಂಡದಲ್ಲಿ ಅವಳು ಸೆಟ್ಟರ್, ಅಂದರೆ ಹೊಡೆಯುವವಳಿಗೆ ನೆಟ್ಟಿನ ಮೇಲೆ ಬಾಲನ್ನು ಹದವಾಗಿ ಎತ್ತಿಕೊಡುವವಳು. ಹೊಡೆಯುವವಳು ಏಣಿ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕಾಲು ಹಿಡಿಸದಷ್ಟು ಉದ್ದ. ಇಬ್ಬರದೂ ಒಂದೇ ಬೆಂಚು, ಒಂದೇ ಡಬ್ಬಿ, ಒಂದೇ ಕೊಡೆ. ಕೊಡೆ ಹಿಡಿಯುವವಳು ಏಣಿ, ನೆನೆಯುವವಳು ಗುಬ್ಬಿ. ಇವಳು ಕೊಟ್ಟಳೆಂದರೆ ಅವಳು ಕಣ್ಣುಮುಚ್ಚಿ ಹಾರುತ್ತಿದ್ದಳು.

ಮೂರನೆಯ ವರ್ಷದ ಫೈನಲಿಗೆ ಮುಂಚೆ ಸಂಘದ ಕಾರ್ಯದರ್ಶಿ ಚಹಾ ಕುಡಿಯುತ್ತಾ ಮಾತು ತೆಗೆದರು. "ಮೇಡಂ, ಒಂದೇ ಸ್ಕೂಲು ಗೆಲ್ತಾ ಇದ್ರೆ ಉಳಿದೋರು ಆಡೋಕೆ ಬರೋದೇ ಬಿಟ್ಟುಬಿಡ್ತಾರೆ. ಸಮತೋಲನ ಬೇಕಲ್ವಾ? ಈ ವರ್ಷದಿಂದ ಮರುವಿಂಗಡಣೆ ಮಾಡ್ತೀವಿ. ಚೆನ್ನಾಗಿ ಆಡೋರನ್ನ ಮೇಲಿನ ವಿಭಾಗಕ್ಕೆ, ಅಂದ್ರೆ ದೊಡ್ಡ ಸ್ಕೂಲುಗಳ ಜೊತೆಗೆ ಹಾಕ್ತೀವಿ."

ಮಾತು ನ್ಯಾಯವಾಗಿಯೇ ಇತ್ತು. ಸಂಘದವರ ಮಾತು ಯಾವಾಗ ನ್ಯಾಯವಾಗಿರುವುದಿಲ್ಲ ಹೇಳಿ! ಆದರೆ ಸೀಟಿ ಮೇಡಮ್ಮಿಗೆ ತನ್ನ ಎಡಗಣ್ಣು ನೆನಪಾಯಿತು. ಈ ಸಲ ಗೆದ್ದರೆ ಗೋಡೆ ಹೋಯಿತು, ಗುಬ್ಬಿಯ ಮುಖದ ಎದುರಿಗೆ ಆ ದೈತ್ಯರು ಬಂದು ನಿಂತರು ಎಂದೇ ಆಕೆ ತಿಳಿದಳು. ಯಾರನ್ನು ಹಾಕುತ್ತೀರಿ, ಹೇಗೆ ಲೆಕ್ಕ ಹಾಕುತ್ತೀರಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಫೈನಲಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನೀರಿನ ಬಾಟಲಿ ತುಂಬಿಸುತ್ತಾ, ಗುಬ್ಬಿಯ ಮುಖ ನೋಡದೆ ಹೇಳಿದಳು. "ಇವತ್ತು ಏಣಿಗೆ ಬಾಲನ್ನ ಒಂದು ಗೇಣು ಕೆಳಗೆ ಕೊಡು. ನೆಟ್ಟಿಗೆ ಹತ್ತಿರ ಮಾಡಿ."

"ನೆಟ್ಟಿಗೆ ಹೊಡೀತಾಳಲ್ಲ ದೊಡ್ಡಮ್ಮ?"

"ಹೊಡೀಲಿ."

ಗುಬ್ಬಿ ಕೈಯಲ್ಲಿದ್ದ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು. "ಸೋಲಬೇಕಾ?"

"ನಿಮ್ಮೆಲ್ಲರ ಕಣ್ಣು ನೆಟ್ಟಗಿರಬೇಕು ಅಂತಿದ್ರೆ ಸೋಲಬೇಕು. ಏಣಿಗೆ ಹೇಳೋದು ಬೇಡ, ಅವಳ ಮುಖದಲ್ಲಿ ಗುಟ್ಟು ನಿಲ್ಲಲ್ಲ."

ಒಂದು ತಂಡವನ್ನು ಸೋಲಿಸಬೇಕೆಂದರೆ ಸೆಟ್ಟರ್ ಒಬ್ಬಳು ಸಾಕು. ನೋಡುವವರ ಕಣ್ಣೆಲ್ಲ ಹೊಡೆಯುವವಳ ಮೇಲಿರುತ್ತದೆ. ಬಾಲ್ ಒಂದು ಗೇಣು ಕೆಳಗಿತ್ತೆಂದು ಯಾರಿಗೆ ಗೊತ್ತಾಗಬೇಕು? ಏಣಿ ಹೊಡೆದದ್ದೆಲ್ಲ ನೆಟ್ಟಿನ ಪಟ್ಟಿಗೆ ಬಡಿದು ಅವಳ ಕಾಲ ಬುಡದಲ್ಲೇ ಬಿತ್ತು. ಮೊದಲು ನಕ್ಕಳು, ಆಮೇಲೆ ತುಟಿ ಕಚ್ಚಿದಳು, ಕೊನೆಗೆ ಪ್ರತಿ ಸಲವೂ ಗುಬ್ಬಿಯ ಕಡೆ ತಿರುಗಿ ಎದೆ ಮುಟ್ಟಿಕೊಂಡು ತಪ್ಪು ನನ್ನದು ಎಂದು ಸನ್ನೆ ಮಾಡತೊಡಗಿದಳು. ಗುಬ್ಬಿ ತಲೆಯಾಡಿಸುತ್ತಿದ್ದಳು. ಸೀಟಿ ಮೇಡಂ ಅಂದು ಸೀಟಿಯನ್ನು ಎಷ್ಟು ಕಚ್ಚಿದ್ದಳೆಂದರೆ ಅದರ ಮೇಲೆ ಹಲ್ಲಿನ ಗುರುತು ಮೂಡಿತು.

ಸೋತರು. ಏಣಿ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗುಬ್ಬಿ ಅವಳ ಬೆನ್ನು ಸವರುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಟದ ವರ್ಷ ಮುಗಿದ ಮೇಲೆ ಸಂಘದ ಸಭೆ ಸೇರಿತು. ಸೀಟಿ ಮೇಡಂ ಹಗುರ ಮನಸ್ಸಿನಿಂದ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಳು. ಕಾರ್ಯದರ್ಶಿ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. "ಒಂದು ವರ್ಷದ ಆಟ ನೋಡಿ ತೀರ್ಮಾನ ಮಾಡೋದು ಸರಿಯಲ್ಲ. ಮೂರು ವರ್ಷದ್ದೂ ಸೇರಿಸಿ ನೋಡಿದೀವಿ. ಎರಡು ಸಲ ಗೆದ್ದು, ಒಂದು ಸಲ ಫೈನಲಿಗೆ ಬಂದೋರು ನಮ್ಮ ಸೀಟಿ ಮೇಡಂ ಹುಡುಗೀರು. ಮೇಲಿನ ವಿಭಾಗಕ್ಕೆ ಅವರೇ ಹೋಗ್ತಾರೆ. ಎಲ್ಲರೂ ಒಂದು ಚಪ್ಪಾಳೆ ತಟ್ಟಿ." ಎಲ್ಲರೂ ತಟ್ಟಿದರು. ಫೈನಲ್ ಗೆದ್ದ ಶಾಲೆಯ ಟೀಚರಂತೂ ಎದ್ದು ನಿಂತು ತಟ್ಟಿದಳು. ತಾನು ಕೆಳಗೇ ಉಳಿದೆನಲ್ಲ ಎಂಬ ಸಂತೋಷ ಅವಳಿಗೆ. ಸೋತದ್ದು ನೀರಿನಲ್ಲಿ ಹೋಮವಾಯಿತು. ಅಷ್ಟಕ್ಕೇ ಮುಗಿದಿದ್ದರೆ, ಹಾಳಾಗಲಿ ಎಂದು ಸೀಟಿ ಮೇಡಂ ಸುಮ್ಮನಾಗುತ್ತಿದ್ದಳು.

ರಜೆಯಲ್ಲಿ ಆಟದ ಸಾಮಾನಿನ ಕೋಣೆಗೆ ಬೀಗ ಹಾಕಲು ಹೋದಾಗ ಕಿಟಕಿಯಿಂದ ಏಣಿ ಕಂಡಳು. ಮೈದಾನದ ತುದಿಯ ಮರದ ಕೊಂಬೆಗೆ ಹಗ್ಗ ಕಟ್ಟಿ ಬಾಲೊಂದನ್ನು ತೂಗುಹಾಕಿದ್ದಳು. ಅದನ್ನು ಎತ್ತರದಲ್ಲಿ ಕಟ್ಟಿರಲಿಲ್ಲ. ತಡವಾಗಿ ಹಾರಿದ್ದಕ್ಕೇ ಅವತ್ತು ಬಾಲ್ ಕೆಳಗೆ ಸಿಕ್ಕಿತೆಂದುಕೊಂಡು ಒಂದು ಗೇಣು ಕೆಳಗೆ ಕಟ್ಟಿದ್ದಳು. ಓಡಿ ಬಂದು, ಬಾಲಿನ ತೀರಾ ಬುಡಕ್ಕೆ ನುಗ್ಗಿ, ಅವಸರವಾಗಿ ಹಾರಿ ಹೊಡೆಯುತ್ತಿದ್ದಳು. ಮತ್ತೆ ಹಿಂದೆ ಹೋಗಿ ಮತ್ತೆ ಓಡಿ ಬರುತ್ತಿದ್ದಳು. ತನ್ನಲ್ಲಿ ಇಲ್ಲದ ತಪ್ಪನ್ನು ಆ ಹುಡುಗಿ ರಜೆಯುದ್ದಕ್ಕೂ ತಿದ್ದಿಕೊಳ್ಳುತ್ತಿದ್ದಳು.

"ಸಾಕು ಬಿಡೇ, ಮನೆಗೆ ಹೋಗು" ಎಂದು ಮೇಡಂ ಕೂಗಿದಳು.

"ಇನ್ನೊಂದು ಸ್ವಲ್ಪ ಮೇಡಂ. ಅವತ್ತಿನ ಹಾಗೆ ಇನ್ಯಾವತ್ತೂ ಆಗಬಾರದು."

ಮೇಡಮ್ಮಿಗೆ ಅಳು ಬಂತು. ಬೀಗ ಹಾಕಿ ಮನೆಗೆ ಹೋದಳು.

ಶಾಲೆ ಶುರುವಾಯಿತು. ಗುಬ್ಬಿ ಈಗ ಬಾಲನ್ನು ಮೊದಲಿನ ಎತ್ತರಕ್ಕೇ ಕೊಡುತ್ತಿದ್ದಳು. ಏಣಿ ಮಾತ್ರ ಮೊದಲಿನಂತೆ ಹಾರಲಿಲ್ಲ. ಒಂದು ಹೆಜ್ಜೆ ಹೆಚ್ಚಾಗಿ ನುಗ್ಗಿ, ನೆಟ್ಟಿಗೆ ಅಂಟಿಕೊಂಡಂತೆ ಹಾರಿ, ಇಳಿಯುವಾಗ ನೆಟ್ಟಿನ ಕೆಳಗಿನ ನಡುಗೆರೆಯನ್ನು ದಾಟಿ ಕಾಲಿಡುತ್ತಿದ್ದಳು. ಎದುರಿಗೆ ಯಾರೂ ಇಲ್ಲದಾಗ ಅದು ಬರೀ ಒಂದು ತಪ್ಪು, ಊದಿದರಾಯಿತು. ಎದುರಿಗೆ ತಡೆಯಲು ಹಾರಿದವಳೊಬ್ಬಳು ಇದ್ದರೆ ಅವಳ ಪಾದವೂ ಅಲ್ಲೇ ಇಳಿಯುತ್ತದೆ. ಇನ್ನೊಬ್ಬರ ಪಾದದ ಮೇಲೆ ಇಳಿದ ಕಾಲು ಏನಾಗುತ್ತದೆಂದು ಆಟ ಕಲಿಸುವವರೆಲ್ಲರಿಗೂ ಗೊತ್ತು. ಮೇಲಿನ ವಿಭಾಗದಲ್ಲಂತೂ ತಡೆಯಲು ಹಾರದವರೇ ಇಲ್ಲ.

"ಹಿಂದಿನಿಂದ ಹಾರು! ಹಿಂದಿನಿಂದ!" ಮೇಡಂ ಬಾಯಿ ಬಡಿದುಕೊಂಡಳು.

"ಹಿಂದಿನಿಂದ ಹಾರಿದ್ರೆ ಮತ್ತೆ ನೆಟ್ಟಿಗೇ ಹೊಡೀತೀನಲ್ಲ ಮೇಡಂ? ಫೈನಲಲ್ಲಿ ಹಾಗೇ ಅಲ್ವಾ ಆಗಿದ್ದು?"

ಇದಕ್ಕೆ ಒಂದೇ ಒಂದು ಉತ್ತರವಿತ್ತು. ಅದು ನಾಲಿಗೆಯ ತುದಿಗೆ ಬಂದು ಸೀಟಿಗೆ ತಗುಲಿ ವಾಪಸ್ಸು ಹೋಗುತ್ತಿತ್ತು. ಹೇಳಿದರೆ ಹುಡುಗಿಯರ ಮುಂದೆ ಆ ಸೀಟಿಯನ್ನು ಮತ್ತೆ ಊದುವುದು ಹೇಗೆ? ಗುಬ್ಬಿಗಂತೂ ಇರುವವಳು ಒಬ್ಬಳೇ ಗೆಳತಿ.

ಗುಬ್ಬಿ ಒಂದು ಸಂಜೆ ಬಟ್ಟೆ ಮಡಚುತ್ತಾ ಕೇಳಿಯೇಬಿಟ್ಟಳು. "ಅವಳಿಗೆ ಹೇಳಿಬಿಡೋಣ ದೊಡ್ಡಮ್ಮ. ಅವಳ ಕಾಲು ಗೆರೆ ದಾಟೋದು ನನಗೆ ನೋಡೋಕಾಗ್ತಿಲ್ಲ."

"ಮೊದಲ ಪಂದ್ಯ ಒಂದು ಮುಗೀಲಿ. ಈಗ ಹೇಳಿದ್ರೆ ಇರೋ ಧೈರ್ಯಾನೂ ಹೋಗುತ್ತೆ."

"ಅವಳ ಧೈರ್ಯಾನಾ, ನಮ್ಮದಾ?"

ದೊಡ್ಡಮ್ಮ ಎದ್ದು ಒಳಗೆ ಹೋದಳು.

ಮೊದಲ ಪಂದ್ಯದ ದಿನ ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ಎದುರು ತಂಡದ ಹುಡುಗಿಯರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದಾಗ, ಇಳಿಯುವುದಕ್ಕೆ ಎಲ್ಲರೂ ತಲೆ ಬಗ್ಗಿಸಬೇಕಾಯಿತು. ಅವರು ಒಳ್ಳೆಯ ಹುಡುಗಿಯರೇ. ನಗುತ್ತಾ ಬಂದು ಕೈಕುಲುಕಿದರು. ಅವರಲ್ಲಿ ನೆಟ್ಟಿನ ಹತ್ತಿರ ನಿಲ್ಲುವವಳು ಒಬ್ಬಳಿದ್ದಳು. ಸೀಟಿ ಮೇಡಂ ನೋಡಿದ್ದು ಅವಳ ದೊಡ್ಡ ಬೂಟನ್ನು. ಆಕೆ ಏಣಿಯನ್ನು ಪಕ್ಕಕ್ಕೆ ಕರೆದಳು.

"ಏಣಿ, ನಿನಗೊಂದು ಮಾತು ಹೇಳಬೇಕಿತ್ತು ಕಣೇ. ಹೋದ ಫೈನಲಲ್ಲಿ..."

ಏಣಿಯ ಮುಖ ಬಾಡಿತು. "ಅದನ್ನ ಇವತ್ತು ನೆನಪಿಸಬೇಡಿ ಮೇಡಂ. ಅವತ್ತು ನನ್ನಿಂದಾನೇ ಸೋತ್ವಿ. ಇವತ್ತು ಹಾಗಾಗಲ್ಲ, ಆಣೆ ಮಾಡಿ ಹೇಳ್ತೀನಿ."

ರೆಫರಿ ತಂಡಗಳನ್ನು ಕರೆದರು. "ಹೋಗು, ಹುಷಾರು" ಎಂದಳು ಮೇಡಂ. ಅಷ್ಟೇ ಅಂದಳು.

ಗುಬ್ಬಿ ಮೊದಲಿನಿಂದಲೂ ಬಾಲನ್ನು ನೆಟ್ಟಿನಿಂದ ದೂರ ದೂರವೇ ಕೊಟ್ಟಳು, ಏಣಿ ಹಿಂದೆಯೇ ಉಳಿಯಲಿ ಎಂದು. ಏಣಿ ಹೊಡೆದದ್ದರಲ್ಲಿ ಬಿರುಸೇ ಇರಲಿಲ್ಲ. ಎದುರಿನವರು ಲೀಲಾಜಾಲವಾಗಿ ಎತ್ತಿದರು. ಪಾಯಿಂಟು ಮೇಲೆ ಪಾಯಿಂಟು ಹೋಗುತ್ತಿತ್ತು. ಏಣಿಗೆ ರೇಗಿತು. "ಏನೇ ದೂರ ದೂರ ಕೊಡ್ತಿದೀಯ? ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ಗುಬ್ಬಿ ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಗೆರೆಯ ಹೊರಗೆ ಕಂಬದಂತೆ ನಿಂತಿದ್ದಳು.

ಮುಂದಿನ ಬಾಲ್ ಬಂತು. ಏಣಿ ಓಡುತ್ತಲೇ ಕಿರುಚಿದಳು, "ಹತ್ರ! ಹತ್ರ ಕೊಡು!" ಗೆಳತಿ ಕೇಳಿದ್ದನ್ನು ಗುಬ್ಬಿಯ ಕೈ ಕೊಟ್ಟಿತು. ಏಣಿ ನುಗ್ಗಿದಳು, ಆ ಒಂದು ಹೆಜ್ಜೆ ಹೆಚ್ಚಾಗಿ. ಎದುರಿನವಳೂ ಹಾರಿದಳು. ಬಾಲ್ ಅವಳ ಕೈಗಳ ಮೇಲಿಂದ ದಾಟಿ, ನೆಲಕ್ಕೆ ಬಡಿದು, ಗೋಡೆಯವರೆಗೂ ಹೋಯಿತು. ಅಂಥ ಹೊಡೆತವನ್ನು ಏಣಿ ಎಂದೂ ಹೊಡೆದಿರಲಿಲ್ಲ. ಆದರೆ ಬಾಲ್ ನೆಲ ಮುಟ್ಟುವ ಮೊದಲೇ ಇಬ್ಬರೂ ಕೆಳಗಿಳಿದಿದ್ದರು. ಏಣಿಯ ಕಾಲು ಆ ದೊಡ್ಡ ಬೂಟಿನ ಮೇಲೆ ಇಳಿದು, ಜಾರಿ, ಮಂಡಿಯ ಹತ್ತಿರ ತಿರುಗಬಾರದ ಕಡೆಗೆ ತಿರುಗಿತು. ಸದ್ದು ದೊಡ್ಡದೇನಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಸೀಟಿ ಮೇಡಂ ಓಡಿದಳು. ಅದಾಗಲೇ ಗುಬ್ಬಿ ನೆಲದ ಮೇಲೆ ಕೂತು ಏಣಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಏಣಿ ಗುಬ್ಬಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ. ಮೇಡಂ ಬಗ್ಗಿದಾಗ ಅವಳು ಹಲ್ಲು ಕಚ್ಚಿಕೊಂಡೇ ಕೇಳಿದಳು.

"ಪಾಯಿಂಟ್ ಬಂತಾ ಮೇಡಂ?"

ಬಂದಿರಲಿಲ್ಲ. ಕಾಲು ಗೆರೆ ದಾಟಿತ್ತು, ರೆಫರಿ ಎದುರಿನವರ ಕಡೆ ಕೈ ತೋರಿಸಿದ್ದರು. ಮೇಡಂ ತುಟಿಯಿಂದ ಸೀಟಿ ತೆಗೆದಳು.

"ಬರಲಿಲ್ಲಮ್ಮ."

"ಮತ್ತೆ ನಾನೇ ತಪ್ಪು ಮಾಡಿದ್ನಾ?"

"ಇಲ್ಲ. ಅವತ್ತೂ ನೀನು ಮಾಡಿರಲಿಲ್ಲ." ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. "ಫೈನಲಲ್ಲಿ ಬಾಲೇ ಕೆಳಗೆ ಬರ್ತಿತ್ತು. ಸೋಲಲಿ ಅಂತ ನಾನೇ ಹಾಗೆ ಕೊಡಿಸಿದ್ದೆ."

ಏಣಿಗೆ ಮೊದಲು ಅರ್ಥವಾಗಲಿಲ್ಲ. ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕತ್ತು ಹೊರಳಿಸಿ, ತಲೆಯ ಮೇಲೆ ಬಾಗಿದ್ದ ಗುಬ್ಬಿಯ ಮುಖ ನೋಡಿದಳು. ಬಾಲ್ ಕೊಟ್ಟ ಕೈ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಗುಬ್ಬಿ ಕಣ್ಣು ಕೆಳಗೆ ಹಾಕಿದಳು.

ಸ್ಟ್ರೆಚರ್ ಹೊತ್ತವರು ಇನ್ನೂ ಗೇಟಿನ ಹತ್ತಿರವೇ ಇದ್ದರು. ನೋವು ಏರುತ್ತಲೇ ಇತ್ತು, ಏಣಿಯ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆದರೂ ಅವಳು ಹಿಡಿದಿದ್ದ ಗುಬ್ಬಿಯ ಕೈಯನ್ನು ಬಿಟ್ಟು, ತನ್ನ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಳು.