ನೆಲ್ಲಿಯ ಬುಡ ಜಂಗಲ್ ಖಾತೆಗೆ, ಕೊಂಬೆ ಬೋರ್ಡಿಗೆ

ಕಳೆದ ರವಿವಾರ ನಾನು ಸರಕಾರಿ ಕಾಡಿನಲ್ಲಿ ಕೂತು, ಲೋಕಲ್ ಬೋರ್ಡಿನ ನೆಲದಲ್ಲಿ ಬೆಂದ ಅನ್ನ ತಿಂದು ಬಂದೆ. ಎರಡರ ನಡುವೆ ಇದ್ದದ್ದು ಒಂದು ಗಡಿಕಲ್ಲು. ಬಡಿಸುವವರು ಹುಳಿ ಪಾತ್ರೆ ಹಿಡಿದು ಅದನ್ನು ದಾಟಿದಾಗಲೆಲ್ಲ ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ಹೋಗಿಬರುತ್ತಿದ್ದರು.

ಮೊದಲಿಂದ ಹೇಳುತ್ತೇನೆ.

ಪುಣೆಯ ನಮ್ಮ ವಾಡೆಯಲ್ಲಿ, ಅಂದರೆ ವಠಾರದಲ್ಲಿ, ಧಾರವಾಡ ಕಡೆಯ ಐದಾರು ಮನೆಗಳಿವೆ. ಕಾರ್ತಿಕ ಬಂತೆಂದರೆ ಎಲ್ಲರೂ ಟಾಂಗಾ ಮಾಡಿಕೊಂಡು ಹಡಪಸರದ ಕಡೆಗಿನ ಗುಡ್ಡಕ್ಕೆ ಹೋಗುತ್ತೇವೆ. ಗುಡ್ಡದ ಬುಡದಲ್ಲೊಂದು ನೆಲ್ಲಿ ಮರ. ಅದರ ಕೆಳಗೆ ಧಾತ್ರಿ ಹವನ, ಆಮೇಲೆ ವನಭೋಜನ. (ಹವನಕ್ಕಿಂತ ಭೋಜನಕ್ಕೆ ಬರುವವರೇ ಹೆಚ್ಚು. ನಾನು ಆ ಪೈಕಿ.) ಎಲ್ಲದರ ಯಜಮಾನಿಕೆ ಗಂಗಾಬಾಯಿಯವರದು. ಇಡೀ ವಾಡೆಗೆ ಅವರು ಮಾವಶಿ, ಅಂದರೆ ಚಿಕ್ಕಮ್ಮ.

ಪುಣೆಯಲ್ಲಿ ಬೇರೆ ನೆಲ್ಲಿ ಮರಗಳಿಲ್ಲವೇ? ಬೇಕಾದಷ್ಟಿವೆ. ಆದರೆ ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರಲ್ಲ, ಆಗ ಮಾವಶಿಯ ಒಲೆ ಇದ್ದದ್ದು ಈ ಮರದ ಕೆಳಗೆ. ಜ್ವರ ಬಂದ ಒಬ್ಬನೇ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದೂ ಇಲ್ಲೇ. ಮಗ ಉಳಿದ. ಅಂದಿನಿಂದ ಮಾವಶಿಯ ಹವನ ಒಂದು ವರ್ಷವೂ ತಪ್ಪಿಲ್ಲ.

ಆ ಮಗನೇ ಶೀನೂರಾವ್. ಈಗ ಬಟ್ಟೆ ಅಂಗಡಿ, ತಲೆಗೆ ಜರಿ ರುಮಾಲು, ಸಾಲದ್ದಕ್ಕೆ ಲೋಕಲ್ ಬೋರ್ಡಿನ ಮೆಂಬರ್‌ಗಿರಿ. (ಯಾವ ಬೋರ್ಡು ಎಂದು ಕೇಳಬೇಡಿ. ನಾನೂ ಅದರ ನಳದ ನೀರು ಕುಡಿಯುವವನು.)

ಈ ಶೀನೂರಾವ್ ಬಾಯಲ್ಲಿ ಕೆಲವು ತಿಂಗಳಿಂದ ಒಂದೇ ಮಾತು. ಬೋರ್ಡಿಗೂ ಸರಕಾರಿ ಕಾಡು ಕಾಯುವ ಜಂಗಲ್ ಖಾತೆಗೂ ಆದ ಜಮೀನಿನ ಅದಲಾಬದಲಿ. ಬೋರ್ಡಿನ ಕೈಯಲ್ಲಿ ಗುಡ್ಡದ ಇಳಿಜಾರು ಇತ್ತು. ರಸ್ತೆಗೆ ಹತ್ತಿದ ಸಪಾಟು ನೆಲ ಜಂಗಲ್ ಖಾತೆಯ ಕೈಯಲ್ಲಿತ್ತು. ಇವರಿಗೆ ಸಪಾಟು ಬೇಕು, ಅವರಿಗೆ ಗುಡ್ಡ ಬೇಕು. ಎಕರೆಗೆ ಎಕರೆ ಕೊಟ್ಟು ತಗೊಂಡರು. ಮೀಟಿಂಗಿನಲ್ಲಿ ಶೀನೂರಾವ್ ಕೊರಳಿಗೆ ಹಾರ ಬಿತ್ತು.

"ಭಾಳ ಛಲೋ ಎಕ್ಸ್‌ಚೇಂಜ್ ಆತ್ರೀ," ಎಂದು ನನಗೆ ಚಹಾ ಕುಡಿಸಿ ಹೇಳಿದರು. "ಗುಡ್ಡಾ ಇನ್ನ ಸೇಫ್. ಗಾರ್ಡ್ ಇರತಾನ. ಯಾರಿಗೂ ಒಂದ ಕಡ್ಡಿ ಗೀರಲಿಕ್ಕೆ ಬಿಡಂಗಿಲ್ಲ. ಆ ಷರತ್ತು ಹಾಕಿಸಿದಾಂವ ನಾನs!"

ರವಿವಾರ ಟಾಂಗಾ ಇಳಿದೆವು. ಮರದ ಬುಡಕ್ಕೆ ರಂಗೋಲಿ ಬಿತ್ತು. ಭಟ್ಟರು ಹವನಕ್ಕೆ ಇಟ್ಟಂಗಿ ಜೋಡಿಸಿದರು. ಶೀನೂರಾವ್ ಇನ್ನೇನು ಕಡ್ಡಿ ಗೀರಬೇಕು, ಖಾಕಿ ಕೋಟಿನ ಗಾರ್ಡ್ ಓಡಿಬಂದ.

"ಇಥೇ ವಿಸ್ತವ ನಾಹೀ!"

ಇಲ್ಲಿ ಬೆಂಕಿ ನಡೆಯುವುದಿಲ್ಲವಂತೆ. ಇದು ಈಗ ರಿಸರ್ವ್ ಫಾರೆಸ್ಟಂತೆ. ಬೋರ್ಡಿನ ಮೆಂಬರ್ ಸಾಹೇಬರೊಬ್ಬರು ಖುದ್ದಾಗಿ ಹಾಕಿಸಿದ ಷರತ್ತಂತೆ. ಶೀನೂರಾವ್ ಎದೆಯುಬ್ಬಿಸಿ, ಆ ಮೆಂಬರ್ ಸಾಹೇಬ ತಾನೇ ಎಂದು ಮರಾಠಿಯಲ್ಲಿ ಸಾರಿದರು. ಗಾರ್ಡ್ ಲಗುಬಗೆಯಿಂದ ಸಲಾಮು ಹೊಡೆದ. ಆಮೇಲೆ ಅವರ ಕೈಯಿಂದ ಕಡ್ಡಿಪೆಟ್ಟಿಗೆ ತಗೊಂಡ.

ಮರದ ಕೆಳಗೆ ಉಂಡು ಬೆಳೆದ ಮನುಷ್ಯನಿಗೆ, ಬರೆದುಕೊಟ್ಟದ್ದು ಅದೇ ಮರ ಎಂದು ತಿಳಿಯಲಿಲ್ಲವೇ? ತಿಳಿಯಲಿಲ್ಲ. ಮೀಟಿಂಗಿನಲ್ಲಿ ಅದು ಬರೀ ಒಂದು ಸರ್ವೆ ನಂಬರು. ಸರ್ವೆ ನಂಬರಿಗೆ ಕೊಂಬೆ ಇರುವುದಿಲ್ಲ, ಕಾಯಿ ಬಿಡುವುದಿಲ್ಲ. ನಮ್ಮಲ್ಲಿ ಎಷ್ಟೋ ಮೆಂಬರರು ಮನೆಯಲ್ಲಿ ಒಬ್ಬರು, ಮೀಟಿಂಗಿನಲ್ಲಿ ಇನ್ನೊಬ್ಬರು. ಆ ಇಬ್ಬರಿಗೆ ಒಮ್ಮೆಯಾದರೂ ಪರಿಚಯ ಮಾಡಿಸಬಾರದೇ?

ಮಾವಶಿ ಸಿಟ್ಟಾಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಮರವನ್ನು ಒಂದು ಸುತ್ತು ಹಾಕಿದರು. ತಮ್ಮ ಧಾರವಾಡದ ಮರಾಠಿಯಲ್ಲಿ ಗಾರ್ಡನನ್ನು ಕೇಳಿದರು: ನಿಮ್ಮ ಗಡಿ ಎಲ್ಲಿ? ಅವನು ಸುಣ್ಣ ಬಳಿದ ಕಲ್ಲು ತೋರಿಸಿದ. ಬುಡ ಕಲ್ಲಿನ ಈಚೆಗೆ, ಕಾಡಿನ ಕಡೆಗಿತ್ತು. ಒಂದು ಕೊಂಬೆ ಮಾತ್ರ ಕಲ್ಲು ದಾಟಿ ಸಪಾಟು ನೆಲದ ಮೇಲೆ ಕೈ ಚಾಚಿತ್ತು.

ಆ ಕೊಂಬೆ ಕೆಳಗಿನ ನೆಲ ಯಾರದು?

ಬೋರ್ಡಿಂದು.

ಅಲ್ಲಿ ಬಿದ್ದ ನೆರಳು?

ಗಾರ್ಡ್ ತಲೆ ಕೆರೆದುಕೊಂಡ. ಅವನ ರೂಲ್ಸಿನಲ್ಲಿ ನೆರಳಿನ ಸುದ್ದಿ ಇರಲಿಲ್ಲ.

"ಹಂಗಾರ ಇಟ್ಟಂಗಿ ಎತ್ತರ್ರೀ," ಎಂದರು ಮಾವಶಿ, ನಮ್ಮ ಕಡೆ ತಿರುಗಿ.

ಹವನ ಆ ಕೊಂಬೆಯ ಕೆಳಗೆ ಆಯಿತು, ಅಡಿಗೆಯೂ ಅಲ್ಲೇ. ಊಟಕ್ಕೆ ಮಾತ್ರ ಮರದ ಬುಡಕ್ಕೇ ಕೂತೆವು; ಉಣ್ಣಬಾರದೆಂದು ಶೀನೂರಾವ್ ಷರತ್ತು ಹಾಕಿಸಿರಲಿಲ್ಲ. ಗಾರ್ಡನೂ ಪಂಕ್ತಿಯಲ್ಲಿ ಕೂತ. ಕಡಲೆಬೇಳೆ ಬೆಲ್ಲದ ಹಯಗ್ರೀವವನ್ನು ಎರಡು ಸಲ ಹಾಕಿಸಿಕೊಂಡ.

ಊಟವಾದ ಮೇಲೆ ಎಂಜಲೆಲೆಗಳ ಪ್ರಶ್ನೆ ಬಂತು. ಕಾಡಿನಲ್ಲಿ ಎಸೆಯುವಂತಿಲ್ಲ. (ಹಯಗ್ರೀವ ತಿಂದ ಮಾತ್ರಕ್ಕೆ ಗಾರ್ಡ್ ಗಾರ್ಡೇ.) "ಬೋರ್ಡಿನ ಕಡೆ ಒಗದ್ರಾತ್ರೀ," ಎಂದೆ ನಾನು.

ಆಗ ಮಾವಶಿ ಕೇಳಿದರು, "ಅಲ್ಲೋ ಶೀನೂ, ಈ ಸಪಾಟ ಜಾಗಾ ತಗೊಂಡು ನೀವು ಮಾಡೂದರ ಏನು?"

ಶೀನೂರಾವ್ ರುಮಾಲು ಸರಿಮಾಡಿಕೊಂಡರು. "ಏನಿಲ್ಲವ್ವಾ. ಊರಿಗೆ ಅನುಕೂಲ ಆಗೂದು."

"ಅಂದ್ರ?"

"ಕಚರಾ ಡಿಪೋ. ಊರ ಕಸಾ ಎಲ್ಲಾ ತಂದು ಹಾಕೂ ಜಾಗಾ."

"ಇಲ್ಲೇ?"

"ಇಲ್ಲೇ."

"ಕಚರಾ ಸುಡತೀರೇನು?"

"ಸುಡಬೇಕಾಗತದವ್ವಾ."

ಹವನದ ಕೆಂಡ ಇನ್ನೂ ಆರಿರಲಿಲ್ಲ. ಅಷ್ಟು ಹೊತ್ತು ಮಾವಶಿಯ ಜಾಣತನಕ್ಕೆ ನಗುತ್ತಿದ್ದ ನನಗೆ ಅವರ ಮುಖ ನೋಡಿ ಸಂಕಟವಾಯಿತು. ಅವರು ಕೊಂಬೆಯನ್ನೇ ನೋಡುತ್ತಿದ್ದರು.

"ಆ ಕಡೆ ಬೆಂಕಿ ಹಚ್ಚೂಹಂಗಿಲ್ಲ. ಈ ಕಡೆ ನಿಮ್ಮ ಬೆಂಕಿ ಉರೀತಿರತದ," ಎಂದರು ಕೊನೆಗೆ. "ಬರೂ ಕಾರ್ತೀಕಕ್ಕ ನಾ ಎಲ್ಲೆ ಕೂಡ್ಲಿ? ಅದಷ್ಟು ತೋರಿಸಿಬಿಡಪಾ."

ಶೀನೂರಾವ್ ಆ ಕಡೆ ನೋಡಿದರು, ಈ ಕಡೆ ನೋಡಿದರು. ಎಕರೆಗಟ್ಟಲೆ ಭೂಮಿ ಅದಲುಬದಲು ಮಾಡಿದ ಮನುಷ್ಯನಿಗೆ ತಾಯಿಯ ಮಣೆ ಹಾಕುವಷ್ಟು ಜಾಗ ಕಾಣಿಸಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಬೋರ್ಡಿನ ಮೆಂಬರೂ ಮಾಡಿದ್ದು ಕಂಡಿಲ್ಲ. ರುಮಾಲು ತೆಗೆದಿಟ್ಟು, ಬಗ್ಗಿ, ಎಲ್ಲರ ಎಂಜಲೆಲೆ ತಾವೇ ಎತ್ತಿದರು. ಧೋತರದ ಅರಿವೆಯೊಂದರಲ್ಲಿ ಗಂಟು ಕಟ್ಟಿ ಟಾಂಗಾದಲ್ಲಿ ಕಾಲ ಬಳಿ ಇಟ್ಟುಕೊಂಡರು.

"ಇಲ್ಲೇ ಒಗೀಬಹುದಿತ್ತಲ್ರೀ. ಹೆಂಗೂ ಡಿಪೋ ಆಗೂದು," ಎಂದೆ.

"ಸುಮ್ಮನ ಕೂಡ್ರಿ," ಎಂದರು.

ಬರುವ ವಾರ ಬೋರ್ಡಿನ ಮೀಟಿಂಗಿದೆ. ಡಿಪೋದ ವಿಷಯ ಪಾಸಾಗಬೇಕು. ನನ್ನ ಕುತೂಹಲ ಒಂದೇ: ಅಲ್ಲಿ ಕೈ ಎತ್ತುವವರು ಹಾರ ಹಾಕಿಸಿಕೊಂಡ ಮೆಂಬರೋ, ಗಂಟು ಹೊತ್ತು ಬಂದ ಮಗನೋ?