ಮೆಹಂದಿ ಇಲ್ಲದ ಕೈ

ಮದುವೆ ಮನೆಯಲ್ಲಿ ಯಾರಾದರೂ ಮೆಹಂದಿ ಕೋನು ಹಿಡಿದುಕೊಂಡು ನನ್ನ ಬಳಿ ಬಂದರೆ ಸಿಡುಕಿಬಿಡುತ್ತೇನೆ. ಈ ಮುದುಕಿಗೆ ಎಷ್ಟು ಸೊಕ್ಕು ಎಂದು ಹುಡುಗಿಯರು ಗೊಣಗುತ್ತಾರೆ. ಗೊಣಗಲಿ. ಅದು ಸೊಕ್ಕಲ್ಲ, ನಾಚಿಕೆ. ಅವರಿಗೆ ಹೇಗೆ ಗೊತ್ತಾಗಬೇಕು?

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಖಾನಾಪುರದ ಹೊರಗಿನ ಒಂದು ಗೋಡಂಬಿ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದೆ. ಬೆಳಗಾವಿಯಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಬಿ.ಎ. ಆಗಿತ್ತು, ಇಂಗ್ಲಿಷ್ ಬರುತ್ತಿತ್ತು, ಬಾಯಿ ಜೋರಿತ್ತು; ಮಾಲಕರಿಗೆ ಅಷ್ಟು ಸಾಕಾಗಿತ್ತು. ಬೀಜ ಒಡೆಯುವ ಸಾಲಿನಲ್ಲಿ ಕೂರುವವರೆಲ್ಲ ಸುತ್ತಲ ಹಳ್ಳಿಯ ಹೆಂಗಸರು, ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಗೇರುಬೀಜದ ಸಿಪ್ಪೆಯಲ್ಲಿ ಒಂದು ಎಣ್ಣೆ ಇರುತ್ತದೆ. ಅದು ಹತ್ತಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಸುಲಿಯುತ್ತದೆ. ಕೈಗೆ ಔಡಲೆಣ್ಣೆ ಸವರಿ, ಬೂದಿ ಬಳಿದುಕೊಂಡು ಕೆಲಸಕ್ಕೆ ಕೂರುವುದು ಅಲ್ಲಿಯ ರೂಢಿ.

ಸಾಲಿನ ತುದಿಯಲ್ಲಿ ಹಲಸಿ ಊರ ಕಡೆಯ ಒಬ್ಬರು ಕೂರುತ್ತಿದ್ದರು. ನನಗಿಂತ ತುಸು ದೊಡ್ಡವರು, ಗಂಡ ತೀರಿಕೊಂಡಿದ್ದ. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಅನ್ನುತ್ತಿದ್ದರು. ಎಲ್ಲರಿಗಿಂತ ಅವರ ಕೈ ಕೆಟ್ಟಿತ್ತು. ಬೆರಳ ಸಂದಿಯಲ್ಲಿ ಬಿರಿದು ರಕ್ತ ಒಸರುತ್ತಿತ್ತು. ಮನೆಯಲ್ಲಿ ರೊಟ್ಟಿ ಬಡಿಯಲು ಆಗದೆ ದಿನಾ ಅನ್ನ ಕುದಿಸುತ್ತೇನೆ, ಅದಕ್ಕೆ ಅತ್ತೆಯ ಬೈಗುಳ ಬೇರೆ ಎಂದು ನಗುತ್ತಲೇ ಹೇಳಿದ್ದರು. ಕೈಗವಸು ಕೇಳಿದರೆ ಮಾಲಕರದು ಒಂದೇ ಮಾತು, ಕೆಲಸ ನಿಧಾನವಾಗುತ್ತದೆ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ನಮ್ಮ ಗೋಡಂಬಿ ಮಾರುವ ಹೊರದೇಶದ ಅಂಗಡಿಗಳಿಗೆ ಇನ್ನು ಮುಂದೆ ಪೊಟ್ಟಣದ ಮೇಲೆ ಒಂದು ಮುದ್ರೆ ಬೇಕಂತೆ. ಮಣ್ಣು, ಮರ, ದುಡಿಯುವ ಮನುಷ್ಯರು, ಯಾರಿಗೂ ಕೇಡು ಮಾಡದೆ ತಯಾರಿಸಿದ ಮಾಲು ಎಂಬ ಮುದ್ರೆ. ಅದನ್ನು ಕೊಡಬಹುದೋ ಇಲ್ಲವೋ ಎಂದು ನೋಡಲು ಪುಣೆಯಿಂದ ಒಬ್ಬ ಮೇಡಂ ಬರುವವರಿದ್ದರು. ಅವರ ಕಣ್ಣಿಗೆ ಗಾಯ ಬಿದ್ದರೆ ಕಾರ್ಖಾನೆಯವರು ಕೈಗವಸು ಕೊಡಲೇಬೇಕು, ಮಾಯುವ ತನಕ ಕೂಲಿ ಕೊಟ್ಟು ಮನೆಯಲ್ಲಿ ಕೂರಿಸಬೇಕು. ಇದನ್ನು ವೈನಿಗೆ ಹೇಳಿದವಳು ನಾನೇ. ಅವತ್ತಿನಿಂದ ಅವರು ಮೇಡಂ ಯಾವಾಗ ಬರುತ್ತಾರೆಂದು ನನ್ನ ಬೆನ್ನು ಹತ್ತಿದರು.

ಇಷ್ಟು ಹೇಳಿದವಳಿಗೆ ಮುಂದೆ ಯಾವ ಮಂಕು ಕವಿಯಿತೋ! ನಮ್ಮ ಹೆಂಗಸರು ಹೊರಗಿನವರ ಮುಂದೆ ಆ ಕರಿ ಕೈ ಚಾಚುವುದನ್ನು ನೆನೆಸಿಕೊಂಡೇ ನನಗೆ ಮರ್ಯಾದೆ ಹೋದಂತಾಯಿತು. ಬೀಗರು ಬರುವ ದಿನ ಹರಕು ಕೌದಿಯನ್ನು ಒಳಗೆ ತುರುಕುವ ಮಂದಿ ನಾವು. ಮಾಲಕರು ಏನೂ ಹೇಳಿರಲಿಲ್ಲ. ನಾನೇ ಖಡೇಬಜಾರಿಗೆ ಹೋಗಿ ಮೆಹಂದಿ ಕೋನು ತಂದೆ. ಹೇಗೂ ಪಂಚಮಿ ಹತ್ತಿರವಿತ್ತು, ಹಬ್ಬಕ್ಕೂ ಆಯಿತು, ಬರುವವರಿಗೂ ಆಯಿತು ಅಂದುಕೊಂಡೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ, ನನ್ನ ಬುದ್ಧಿಗೆ ಬೆಂಕಿ ಹಾಕ.

ಹಿಂದಿನ ದಿನ ಕೆಲಸ ಬಿಟ್ಟ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕರಿ ಕಲೆ ಮುಚ್ಚುವಂತೆ ಅಂಗೈ ತುಂಬ ದಟ್ಟವಾಗಿ ಹಚ್ಚಿದೆ. ಉರಿಯುತ್ತದೆ ಅಂದರೂ ಎಲ್ಲರೂ ಖುಷಿಯಿಂದ ಕೈ ಚಾಚಿದರು. ವೈನಿ ಮಾತ್ರ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನನಗ ಬ್ಯಾಡ್ರಿ ಅಕ್ಕಾರ. ನಮಗ ನಡಿಯೂದಿಲ್ಲ.”

ಗಂಡನಿಲ್ಲದವರು ಅಂಗೈಗೆ ಬಣ್ಣ ಹಚ್ಚಬಾರದೆಂಬುದು ನನಗೇನು ಗೊತ್ತಿರದ ಸಂಗತಿಯೇ? ಆದರೆ ಅಷ್ಟು ಕೆಂಪು ಕೈಗಳ ನಡುವೆ ಅವರದೊಂದೇ ಕಪ್ಪಗೆ ಎದ್ದು ಕಾಣುತ್ತಿತ್ತು. ನಾಳೆ ಒಂದು ದಿನ ಹಿಂದಿನ ಗೋದಾಮಿನಲ್ಲಿ ಚೀಲ ಹೊಲಿಯುತ್ತ ಕೂರಿ ಎಂದೆ. ಮೇಡಂ ಅಲ್ಲಿಗೂ ಬರುತ್ತಾರಾ ಎಂದು ಕೇಳಿದರು. ಹೂಂ, ಬರುತ್ತಾರೆ ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಮೇಡಂ ಒಳ್ಳೆಯವರೇ, ಮೆತ್ತಗಿನ ಮಾತಿನವರು. ಕೈ ತೋರಿಸಿ ಎಂದು ಅವರು ಕೇಳಿದ್ದನ್ನು ನಾನು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದೆ. ಸಾಲಿಗೆ ಸಾಲೇ ಕೆಂಪು ಅಂಗೈಗಳನ್ನು ತೆರೆಯಿತು. ಏನು ಹಬ್ಬ ಎಂದು ಮೇಡಂ ನಕ್ಕರು. ಕೈ ಉರಿಯುತ್ತದೆಯೇ ಎಂದರೆ ಹೆಂಗಸರು ನನ್ನ ಮುಖ ನೋಡಿ, ಏನೂ ಇಲ್ಲ ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಗೋದಾಮಿನ ಬಾಗಿಲ ಮುಂದೆ, ಒಳಗೆ ಬರೀ ಚೀಲ ಎಂದು ಅವರನ್ನು ದಾಟಿಸಿಕೊಂಡು ಹೋದೆ.

ಸಂಜೆ ವೈನಿ ಅದೇ ಬಾಗಿಲಲ್ಲಿ ನಿಂತಿದ್ದರು. ಮೇಡಂ ಬರಲೇ ಇಲ್ಲವಲ್ಲ ಅಂದರು. ವೇಳೆ ಸಾಲಲಿಲ್ಲ ಎಂದೆ. ಮುದ್ರೆ ಸಿಕ್ಕ ದಿನ ಮಾಲಕರು ಎಲ್ಲರಿಗೂ ಕುಂದಾ ಹಂಚಿಸಿದರು. ವೈನಿಯ ಪಾಲನ್ನು ಕೊಟ್ಟವಳೂ ನಾನೇ. ಆ ಅಂಗೈಯ ಮೇಲೆ ಇಡಲು ಮನಸ್ಸಾಗದೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಕೈಗವಸಿನ ಮಾತು ಅಲ್ಲಿಗೇ ನಿಂತಿತು.

ಮರುವರ್ಷ ಮತ್ತೆ ತಪಾಸಣೆ ಎಂದಾಗ ವೈನಿ ತಾವಾಗಿಯೇ ಬಂದು ನನ್ನೆದುರು ಎರಡೂ ಕೈ ಚಾಚಿದರು.

“ಈ ಸಲ ನನಗೂ ಹಚ್ರಿ ಅಕ್ಕಾರ. ಮಂದಿ ಏನರ ಅನ್ಲಿ. ಮೆಹಂದಿ ಇದ್ದವರಿಗಷ್ಟ ಮೇಡಂ ಭೆಟ್ಟಿ ಅಲ್ರಿ?”

ಒಂದು ವರ್ಷ ಪೂರ್ತಿ ಅವರು ಹಾಗೆಂದು ತಿಳಿದುಕೊಂಡಿದ್ದರು. ನನಗೆ ಅಲ್ಲೇ ಅಳು ಬಂತು. ಈ ಸಲ ಯಾರೂ ಮೆಹಂದಿ ಹಚ್ಚಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ವೈನಿಯನ್ನು ಬಾಗಿಲಿಗೆ ಎದುರಾಗಿ ಎಲ್ಲರಿಗಿಂತ ಮುಂದೆ ಕೂರಿಸಿದೆ. ಈ ಸಲ ಖಂಡಿತ ಕರೆತರುತ್ತೇನೆ ಎಂದೆ.

ಮೇಡಂ ಬಂದರು. ಆಫೀಸಿನಲ್ಲಿ ಚಹಾ ಕುಡಿದು ಹೋದ ವರ್ಷದ ವರದಿ ತಿರುವಿದರು. ಒಳಗೆ ಬನ್ನಿ ಎಂದು ನಾನು ಕರೆದೆ, ಮತ್ತೊಮ್ಮೆ ಕರೆದೆ. ಮಾಲಕರು ನನ್ನನ್ನು ದುರುಗುಟ್ಟಿ ನೋಡಿದರು. ಹೋದ ಸಲ ನೀವೇ ತೋರಿಸಿದಿರಲ್ಲ, ಎಷ್ಟು ಚೆಂದದ ಕೈಗಳು, ಈ ಸಲ ಅಗತ್ಯವಿಲ್ಲ ಎಂದು ಮೇಡಂ ನಕ್ಕು ಎದ್ದರು. ಅದರ ಕೆಳಗೆ ಗಾಯ ಇತ್ತು, ಮುಚ್ಚಿದವಳು ನಾನು ಎನ್ನಬೇಕಿತ್ತು. ಊರಿಗೆಲ್ಲ ಜೋರು ಮಾಡುವ ನನ್ನ ಬಾಯಿ ಅವತ್ತು ಬಿದ್ದುಹೋಯಿತು. ಜೀಪು ಗೇಟು ದಾಟಿತು.

ನಾನು ಒಬ್ಬಳೇ ಒಳಗೆ ಹೋದೆ. ವೈನಿ ಬೆಳಗಿನಿಂದ ಒಂದು ಬೀಜವನ್ನೂ ಮುಟ್ಟಿರಲಿಲ್ಲ. ಗಾಯ ಚೆನ್ನಾಗಿ ಕಾಣಲಿ ಎಂದು ಬೂದಿಯನ್ನೆಲ್ಲ ತೊಳೆದುಕೊಂಡು ಕೂತಿದ್ದರು. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ಎರಡೂ ಅಂಗೈ ಎತ್ತಿ ಹಿಡಿದರು. ನನ್ನ ಹಿಂದೆ ಯಾರೂ ಇರಲಿಲ್ಲ.