ತಮ್ಮನಿಗೆಂದು ಕಟ್ಟಿಸಿದ ಪಡ್ಡು

ಆ ಚಳಿಗಾಲದ ಬೆಳಿಗ್ಗೆ ಅವ್ವ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡಿದ್ದಳು, ತಿಂಡಿಗೆ ಇನ್ನೂ ಕೂತಿರಲಿಲ್ಲ. ಅಷ್ಟರಲ್ಲಿ ಅವಳ ತವರು ಹೊಸಬಾಳೆಯಿಂದ ನನಗೆ ಫೋನ್ ಬಂತು. ಸೋದರಮಾವ ಹೋಗಿಬಿಟ್ಟಿದ್ದ. ಅವ್ವನಿಗೆ ಅವನೊಬ್ಬನೇ ತಮ್ಮ, ಅವಳೇ ಎತ್ತಿ ಆಡಿಸಿ ಬೆಳೆಸಿದವನು.

"ಮಾವಂಗೆ ಜ್ವರ ಅಂತೆ, ನಿನ್ನ ಕೇಳ್ತಿದಾನಂತೆ," ಎಂದೆ. ಅಷ್ಟಕ್ಕೇ ಅವಳು ಚಪ್ಪಲಿ ಮೆಟ್ಟಿ ಕಾರಿನಲ್ಲಿ ಕೂತಾಗಿತ್ತು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಣ್ಣಾಗುವ ತನಕ ಒಡಹುಟ್ಟಿದವರು ಏನನ್ನೂ ಬಾಯಿಗೆ ಹಾಕುವುದಿಲ್ಲ. ನಿಜ ಗೊತ್ತಾದರೆ ಅವ್ವ ತುತ್ತು ಮುಟ್ಟುವವಳಲ್ಲ. ಇಂಜೆಕ್ಷನ್ ತಗೊಂಡು ಉಪವಾಸ ಕೂತರೆ ಅವಳೂ ನೆಲ ಹಿಡಿಯುತ್ತಾಳೆ. ದಾರಿಯಲ್ಲೇ ತಿನ್ನಿಸಬೇಕಿತ್ತು. ನಾನು ಮಾಡಿದ್ದು ತಪ್ಪಲ್ಲ, ಯಾರು ಕೇಳಿದರೂ ಇವತ್ತಿಗೂ ಹಾಗೇ ಹೇಳುತ್ತೇನೆ.

ಶಿಕಾರಿಪುರ ದಾಟಿದರೆ ರಸ್ತೆಯೇ ಕಾಣದಷ್ಟು ಮಂಜು. ಒಂದು ಹೋಟೆಲೂ ಬಾಗಿಲು ತೆರೆದಿರಲಿಲ್ಲ. ಚಳಿ ಬಿದ್ದರೆ ಸಾಕು, ನಮ್ಮ ಜನಕ್ಕೆ ಹೊದ್ದು ಮಲಗಲು ಒಂದು ನೆಪ. ಅವ್ವನ ಕೈ ನಡುಗತೊಡಗಿತು. ಚಳಿಗೋ, ಸಕ್ಕರೆ ಇಳಿದೋ ತಿಳಿಯದೆ ನನಗೆ ಜೀವ ಬಾಯಿಗೆ ಬಂತು. ಕೊನೆಗೆ ತಗಡಿನ ಹೋಟೆಲೊಂದರಿಂದ ಹೊಗೆ ಏಳುವುದು ಕಂಡಿತು.

"ಬರ್ರೀ ಅಮ್ಮಾ, ಒಲಿ ಹತ್ರಾನೇ ಕೂರ್ರಿ. ಥಂಡಿ ಭಾಳ ಐತಿ," ಎಂದಳು ಪಡ್ಡು ಹಾಕುತ್ತಿದ್ದ ಹೆಂಗಸು.

"ಮೊದ್ಲು ಅವನ್ನ ನೋಡೋಣ ನಡಿ," ಎಂದಳು ಅವ್ವ.

"ನಂಗೇ ಹಸಿವಾಗೈತವ್ವ."

ಮಕ್ಕಳ ಹಸಿವು ಅಂದರೆ ಅವಳು ಸೋಲುತ್ತಾಳೆ. ಹಂಚಿನಿಂದ ಆಗಷ್ಟೇ ಎದ್ದ ಪಡ್ಡನ್ನು ಕೆಂಪು ಚಟ್ನಿಯಲ್ಲಿ ಅದ್ದಿ, ಊದಿ ಊದಿ ತಿಂದಳು. ಇನ್ನೊಂದು ಪ್ಲೇಟು ಹಾಕಿಸಿಕೊಂಡಳು. ಕೈ ನಡುಕ ನಿಂತಿತು. ನಾನು ಒಂದೇ ಪಡ್ಡನ್ನು ಮುರಿಯುತ್ತಾ ಕೂತೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆ ಸುತ್ತಿಸಿದ ಮಾವ ಅವನು.

"ಚೂರು ಕೆಂಪಗೆ ಸುಟ್ಟಿದ್ದು ಒಂದು ಪ್ಲೇಟು ಕಟ್ಟಿಕೊಡವ್ವ," ಎಂದಳು ಅವ್ವ ಆ ಹೆಂಗಸಿಗೆ. "ನನ್ ತಮ್ಮಂಗೆ ಹಂಗಿದ್ರೇ ಸೇರೋದು. ಜ್ವರದ ಬಾಯಿಗೆ ರುಚಿ ಆಗ್ತದೆ."

ನಾನು ಅದಕ್ಕೂ ಸೇರಿಸಿ ದುಡ್ಡು ಕೊಟ್ಟೆ. ಬಾಳೆಲೆಯ ಪೊಟ್ಟಣವನ್ನು ಅವಳು ಶಾಲಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದು ಕೂತಳು. ಸೊರಬ ದಾಟುವಾಗಲೂ, "ಬೇಗ ಹೊಡಿ, ಆರಿಹೋಗ್ತದೆ," ಎನ್ನುತ್ತಲೇ ಇದ್ದಳು.

ಊರ ತಿರುವಿನಲ್ಲೇ ಭಜನೆ ಕೇಳಿಸಿತು. ಜಗಲಿಯ ಮೇಲೆ ಮಾವನನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಅವ್ವ ಕಾರಿನಿಂದ ಇಳಿಯಲಿಲ್ಲ. ನನ್ನ ಕಡೆ ತಿರುಗಿದಳು.

"ಅದ್ಕೇ ತಿನ್ಸಿದ್ಯಾ?"

ಅಳುವುದಕ್ಕೆ ಮೊದಲು ಅವಳು ಸೆರಗಿನಿಂದ ತಿಂದ ಬಾಯಿ ಒರೆಸಿಕೊಂಡಳು.